ರಾಷ್ಟ್ರೀಯ ಕ್ರೀಡಾಕೂಟ ಮತ್ತು ಒಬ್ಬ ಹುಡುಗನ ಪ್ರಶ್ನೆ



ಈ ಸಲ ನಮ್ಮ ದೇಶದ ರಾಷ್ಟ್ರೀಯ ಕ್ರೀಡಾಕೂಟದ ಇತಿಹಾಸವನ್ನು ಕುರಿತು ಬರೆಯಬೇಕೆಂದಿದ್ದೇನೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸಮಾಜ ವಿಜ್ಞಾನ ಬೋಧಿಸಿದ ನನಗೂ ಕ್ರೀಡೆಗೂ ಇದ್ದ ಸಂಬಂಧ ಅಷ್ಟಕ್ಕಷ್ಟೇ. ವಾರ್ಷಿಕ ಕ್ರೀಡಾದಿನದಂದು ಮೇಜಿನ ಹಿಂದೆ ಕುಳಿತು ಬಹುಮಾನಿತರ ಹೆಸರುಗಳನ್ನು ದುಂಡಾಗಿ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಆದರೂ ಈ ವಿಷಯ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದಕ್ಕೆ ಕಾರಣ 1997ರಲ್ಲಿ ಒಬ್ಬ ಹುಡುಗ ನನಗೆ ಕೇಳಿದ ಪ್ರಶ್ನೆ.

ಆಗ ನಾನು ಬೆಳಗಾವಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಆ ವರ್ಷ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆಯಲಿದ್ದುದರಿಂದ ಪತ್ರಿಕೆಗಳ ತುಂಬ ಅದರದೇ ಸುದ್ದಿ. ಜನವರಿಯಲ್ಲಿ ನಮ್ಮೂರ ಜಾತ್ರೆಯ ನಿಮಿತ್ತ ನಡೆದ ರಸ್ತೆ ಓಟದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಉಳಿದವರನ್ನೆಲ್ಲ ಹೊಳೆಯ ಸೇತುವೆಯಿಂದಾಚೆಗೇ ಬಿಟ್ಟು, ಬರಿಗಾಲಿನಲ್ಲಿ, ಒಬ್ಬನೇ ಊರೊಳಕ್ಕೆ ಬಂದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ತಂಡದವರಿಗೆ ಯಾರೆಂದು ಗೊತ್ತೇ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿದ್ದ ಹುಡುಗ. ಓಟ ನೋಡಲು ಬಂದಿದ್ದ ಪಕ್ಕದ ಊರಿನ ದೈಹಿಕ ಶಿಕ್ಷಕರೊಬ್ಬರು, ಇವನನ್ನು ಬೆಂಗಳೂರಿಗೆ ಆಯ್ಕೆಗೆ ಕಳಿಸಿರಿ, ಒಂದೆರಡು ತಿಂಗಳು ಅಲ್ಲಿಯೇ ಉಳಿಯಬೇಕಾಗಬಹುದು, ಎಂದು ನನಗೆ ಹೇಳಿ ಹೋದರು. ಮರುದಿನ ಅವನನ್ನು ಕರೆಸಿ ವಿಷಯ ತಿಳಿಸಿದೆ. ಅವನು ಸ್ವಲ್ಪ ಹೊತ್ತು ನೆಲ ನೋಡಿ ಕೇಳಿದ:

"ಸರ್, ಅಲ್ಲಿ ಓಡಿದ್ರ ಪಗಾರ ಕೊಡ್ತಾರೇನ್ರಿ?"

ನನಗೆ ಸಿಟ್ಟು ಬಂತು. ಕ್ರೀಡೆ ಕೂಲಿಯಲ್ಲ, ಹಣದ ಆಸೆಯಿಂದ ಆಡುವವನು ಕ್ರೀಡಾಪಟುವಾಗಲಾರ, ರಾಷ್ಟ್ರೀಯ ಕೂಟವೆಂಬುದು ಹವ್ಯಾಸಿಗಳ ಕೂಟ, ಎಂದೆಲ್ಲ ತರಗತಿಯಲ್ಲಿ ಪಾಠ ಮಾಡುವ ಧ್ವನಿಯಲ್ಲಿ ಹೇಳಿದೆ. ಅವನು "ಹೂಂ ರೀ ಸರ್" ಎಂದು ಹೋದ. ಬೆಂಗಳೂರಿಗೆ ಹೋಗಲಿಲ್ಲ. ಮುಂದೆ ಎಷ್ಟೋ ವರ್ಷಗಳ ಬಳಿಕ, ನಿವೃತ್ತಿಯ ಬಿಡುವಿನಲ್ಲಿ ಪುಸ್ತಕಗಳನ್ನು ತಿರುವಿಹಾಕುವಾಗ, ನಾನು ಅಂದು ಅಷ್ಟು ಗಂಭೀರವಾಗಿ ಆಡಿದ ಮಾತು ಎಲ್ಲಿಂದ ಬಂದದ್ದೆಂದು ತಿಳಿಯಿತು. ಹಾಗೆ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಕೂಟದ ಬೇರು ಪುಣೆಯಲ್ಲಿದೆ. 1919-20ರ ಸುಮಾರಿಗೆ ಅಲ್ಲಿಯ ಡೆಕ್ಕನ್ ಜಿಮಖಾನಾ ಎಂಬ ಸಂಸ್ಥೆ ಏರ್ಪಡಿಸಿದ್ದ ಕ್ರೀಡಾಸ್ಪರ್ಧೆಗಳಿಗೆ ಉದ್ಯಮಿ ಸರ್ ದೊರಾಬ್ಜಿ ಟಾಟಾ ಅವರು ಅಧ್ಯಕ್ಷರಾಗಿ ಹೋಗಿದ್ದರು. ಓಡಲು ಬಂದವರಲ್ಲಿ ಹೆಚ್ಚಿನವರು ರೈತರ ಮಕ್ಕಳು. ಹೊಲದಲ್ಲಿ ದುಡಿದು ಒಪ್ಪೊತ್ತಿನ ರೊಟ್ಟಿ ತಿನ್ನುವವರು. ಕಾಲಿಗೆ ಬೂಟು ಇಲ್ಲ, ಓಟದ ನಿಯಮಗಳ ಪರಿಚಯವಿಲ್ಲ, ಯಾರಿಂದಲೂ ತರಬೇತಿ ಪಡೆದವರಲ್ಲ. ಆದರೆ ದೂರದ ಓಟದಲ್ಲಿ ಅವರು ತೆಗೆದುಕೊಂಡ ಸಮಯವನ್ನು ಲೆಕ್ಕ ಹಾಕಿದಾಗ ಅದು ಯೂರೋಪಿನ ಓಟಗಾರರ ಸಮಯಕ್ಕೆ ಸಮೀಪವಾಗಿತ್ತು. ದೊರಾಬ್ಜಿಯವರು ಬೆರಗಾದರು. ಮುಂಬಯಿ ಪ್ರಾಂತ್ಯದ ಗವರ್ನರ್ ಲಾಯ್ಡ್ ಅವರೊಡನೆ ಮಾತನಾಡಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ 1920ರಲ್ಲಿ ನಡೆಯಲಿದ್ದ ಒಲಿಂಪಿಕ್ಸಿಗೆ ಇವರಲ್ಲಿ ಕೆಲವರನ್ನು ಕಳಿಸೋಣವೆಂದು ಸೂಚಿಸಿದರು. ತಾವೂ ಕೈಯಿಂದ ಹಣ ಹಾಕಿದರು. ಈ ವಿವರಗಳನ್ನು ದೊರಾಬ್ಜಿಯವರೇ 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ದಾಖಲಿಸಿದ್ದಾರೆ.

ಹಾಗೆ ಹೋದವರು ನಾಲ್ವರು ಓಟಗಾರರು, ಇಬ್ಬರು ಪೈಲ್ವಾನರು. ಓಟಗಾರರಲ್ಲಿ ಒಬ್ಬರು ನಮ್ಮ ಬೆಳಗಾವಿಯವರು: ಫಡೆಪ್ಪ ದರೆಪ್ಪ ಚೌಗುಲೆ. ನಮ್ಮ ಭಾಗದವರೊಬ್ಬರು ನೂರು ವರ್ಷಗಳ ಹಿಂದೆ ಒಲಿಂಪಿಕ್ ಮ್ಯಾರಥಾನ್ ಓಡಿದ್ದರೆಂಬುದು ನಾನು ಶಾಲೆಯಲ್ಲಿ ಕಲಿಯುವಾಗಲೂ ಕಲಿಸುವಾಗಲೂ ಯಾವ ಪಠ್ಯದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಂಟ್‌ವರ್ಪಿನ ಮ್ಯಾರಥಾನ್ ಇಂದಿನದಕ್ಕಿಂತ ಉದ್ದವಾಗಿದ್ದು 42.75 ಕಿಲೋಮೀಟರ್ ಇತ್ತು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಗೆದ್ದವರು ಫಿನ್‌ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್. ಇಬ್ಬರ ನಡುವಿನ ಅಂತರ ಹದಿನೆಂಟು ನಿಮಿಷ. ನಮ್ಮ ನೆಲದ ಮೇಲೆ ಬರಿಗಾಲಿನಲ್ಲಿ ಓಡಿ ಕಲಿತವರೊಬ್ಬರು, ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ, ತಂಪು ದೇಶಕ್ಕೆ ಹೋಗಿ, ಜಗತ್ತಿನ ಶ್ರೇಷ್ಠನಿಗಿಂತ ಹದಿನೆಂಟೇ ನಿಮಿಷ ಹಿಂದುಳಿದರು. ಹತ್ತೊಂಬತ್ತನೆಯ ಸ್ಥಾನವನ್ನು ನಮ್ಮ ಜನ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಬೇರೆ ಮಾತು.

ಗೆದ್ದ ಕೊಲೆಹ್ಮೈನೆನ್ ಅವರ ಕಸುಬು ಇಟ್ಟಿಗೆ ಕಟ್ಟುವ ಗೌಂಡಿ ಕೆಲಸ. ಅದೇ ಆಂಟ್‌ವರ್ಪಿನಲ್ಲಿ ಒಬ್ಬರೇ ಹುಟ್ಟುಹಾಕುವ ದೋಣಿಸ್ಪರ್ಧೆಯಲ್ಲಿ ಚಿನ್ನ ಗೆದ್ದ ಅಮೆರಿಕದ ಜಾನ್ ಕೆಲ್ಲಿಯೂ ಗೌಂಡಿಯೇ. ಈ ಕೆಲ್ಲಿಯ ಕಥೆ ನನ್ನ ವಿಷಯಕ್ಕೆ ಬಹಳ ಹತ್ತಿರದ್ದು. ಒಲಿಂಪಿಕ್ಸಿಗೆ ಕೆಲವೇ ವಾರಗಳ ಮೊದಲು ಇಂಗ್ಲೆಂಡಿನ ಹೆನ್ಲಿ ಎಂಬಲ್ಲಿ ನಡೆಯುವ ಪ್ರಸಿದ್ಧ ದೋಣಿಸ್ಪರ್ಧೆಗೆ ಆತ ಹೆಸರು ಕೊಟ್ಟಾಗ ಅದನ್ನು ತಿರಸ್ಕರಿಸಲಾಯಿತು. ಆತನ ಸಂಘದ ಮೇಲೆ ಹಳೆಯದೊಂದು ನಿಷೇಧವಿತ್ತು, ನಿಜ. ಅದರ ಜೊತೆಗೆ ಹೆನ್ಲಿಯ ನಿಯಮಾವಳಿಯೂ ಆತನ ವಿರುದ್ಧವೇ ಇತ್ತು: ಯಂತ್ರಕರ್ಮಿ, ಕುಶಲಕರ್ಮಿ, ಕೂಲಿಕಾರ ಇವರಾರೂ ಹವ್ಯಾಸಿ ಎನಿಸಿಕೊಳ್ಳಲಾರರು. ಕೈಯಿಂದ ದುಡಿದು ಉಣ್ಣುವವನಿಗೆ ತೋಳು ಬಲವಾಗಿರುತ್ತದೆ, ಅವನೊಡನೆ ಸ್ಪರ್ಧಿಸುವುದು ಸಭ್ಯರಿಗೆ ನ್ಯಾಯವಲ್ಲ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆಗಳಲ್ಲೊಂದು. ಈ ನಿಯಮ ಹೆನ್ಲಿಯಲ್ಲಿ 1937ರವರೆಗೂ ಬದುಕಿತ್ತು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿರಿ. 'ಹವ್ಯಾಸಿ' ಎಂಬ ಪದವನ್ನು ನಾವು ಪ್ರೀತಿಗಾಗಿ ಮಾಡುವವನು ಎಂಬ ಒಳ್ಳೆಯ ಅರ್ಥದಲ್ಲಿ ಬಳಸುತ್ತೇವೆ. ಅದರ ಹಿಂದಿನ ಇಂಗ್ಲಿಷ್ ಕಲ್ಪನೆ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೀಡೆಯ ನಿಯಮವಾಗಿ ರೂಪುಗೊಂಡಾಗ, ಅದು ಬೇಲಿಯ ಕೆಲಸ ಮಾಡಿತು. ಓಟ-ನೆಗೆತಗಳ ವಿಭಾಗದಲ್ಲಿ ಕೂಲಿಕಾರರನ್ನು ಹೊರಗಿಡುವ ಮಾತನ್ನು ಇಂಗ್ಲೆಂಡಿನಲ್ಲಿ 1880ರಲ್ಲಿಯೇ ಕೈಬಿಟ್ಟರು. ಆದರೆ ಹಣ ಮುಟ್ಟಬಾರದೆಂಬ ಇನ್ನೊಂದು ಮಾತು ಉಳಿಯಿತು. ಬಿಡುವಿದ್ದವನಿಗೆ ಈ ನಿಯಮದಿಂದ ತೊಂದರೆಯಿಲ್ಲ. ಒಂದು ದಿನ ಕೆಲಸ ತಪ್ಪಿದರೆ ಒಲೆ ಉರಿಯದವನಿಗೆ ಎರಡು ನಿಯಮಗಳೂ ಒಂದೇ.

ಅಮೆರಿಕದ ಮೂಲನಿವಾಸಿ ಜನಾಂಗದ ಜಿಮ್ ಥೋರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಅದಕ್ಕೆ ಮೊದಲು ಬೇಸಿಗೆ ರಜೆಯಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂದು 1913ರಲ್ಲಿ ಪದಕಗಳನ್ನು ಕಿತ್ತುಕೊಂಡರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1982ರಲ್ಲಿ, ಜಂಟಿ ವಿಜೇತರೆಂದು ಮರಳಿ ಘೋಷಿಸಿದರು; ಏಕೈಕ ವಿಜೇತರೆಂದು ಒಪ್ಪಿಕೊಂಡದ್ದು 2022ರಲ್ಲಿ. ಒಲಿಂಪಿಕ್ ನಿಯಮಾವಳಿ 1974ರಲ್ಲಿ ಸಡಿಲಗೊಂಡಿತು. ಅಂದರೆ ನಾನು 1997ರಲ್ಲಿ ಆ ಹುಡುಗನಿಗೆ ಉಪದೇಶಿಸಿದ ತತ್ತ್ವವನ್ನು ಅದನ್ನು ಹುಟ್ಟುಹಾಕಿದವರೇ ಆಗಲೇ ಅಟ್ಟಕ್ಕೆ ಹಾಕಿಯಾಗಿತ್ತು.

ನಮ್ಮ ಕನ್ನಡ ರಂಗಭೂಮಿಯನ್ನು ನೋಡಿರಿ. ಅಲ್ಲಿಯೂ ವೃತ್ತಿ, ಹವ್ಯಾಸಿ ಎಂಬ ಎರಡು ಕವಲುಗಳಿವೆ. ಗುಬ್ಬಿ ವೀರಣ್ಣನವರಾಗಲಿ ನಮ್ಮ ಜಿಲ್ಲೆಯ ಏಣಗಿ ಬಾಳಪ್ಪನವರಾಗಲಿ ನಾಟಕ ಆಡಿಯೇ ಅನ್ನ ಉಂಡವರು. ಅದಕ್ಕಾಗಿ ಅವರ ಕಲೆ ಕಳಂಕಿತವಾಯಿತೆಂದು ಯಾವ ಕನ್ನಡಿಗನೂ ಹೇಳಿಲ್ಲ. ಗರಡಿಯ ಪೈಲ್ವಾನರೂ ಹಾಗೆಯೇ. ಕೊಲ್ಲಾಪುರದ, ಮೈಸೂರಿನ ಅರಮನೆಗಳು ಅವರಿಗೆ ಹಾಲು ತುಪ್ಪ ಕೊಟ್ಟು ಸಾಕಿದವು. ಗೆದ್ದವನು ಇನಾಮು ಪಡೆದು ಮೆರವಣಿಗೆಯಲ್ಲಿ ಊರಿಗೆ ಬಂದ. ದುಡ್ಡು ಮುಟ್ಟಿದರೆ ಮೈಲಿಗೆ ಎಂಬ ಆಚಾರ ನಮ್ಮ ಆಟಗಳಲ್ಲಿ ಇರಲಿಲ್ಲ. (ಮೈಲಿಗೆಯ ಆಚಾರ ಬೇರೆ ಎಲ್ಲ ಕಡೆ ಇತ್ತೆನ್ನುವುದು ನಮ್ಮ ದುರ್ದೈವ.)

ಇನ್ನು ಕೂಟದ ಹುಟ್ಟಿಗೆ ಬರೋಣ. ಆಂಟ್‌ವರ್ಪಿಗೆ ತಂಡ ಆರಿಸಿದ್ದು ಪುಣೆಯ ಸುತ್ತಲಿನವರೊಂದಿಗೆ ಸಮಾಲೋಚಿಸಿ, ಅವಸರದಲ್ಲಿ. ಆಗಿನ ಸಮಿತಿಯ ಗಣ್ಯರಿಗೆ ನೂರು ಮೀಟರ್ ಓಟಕ್ಕೆ ಎಷ್ಟು ಸಮಯ ಹಿಡಿಯಬೇಕೆಂಬುದೂ ತಿಳಿದಿರಲಿಲ್ಲ. ಒಬ್ಬರು ನಿಮಿಷಗಳ ಲೆಕ್ಕದಲ್ಲಿ ಯೋಚಿಸುತ್ತಿದ್ದಾಗ, ಇದು ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕವೆಂದು ಕೇಳಿ ದಂಗಾದರಂತೆ. ಮುಂದಿನ ಸಲ, ಅಂದರೆ 1924ರ ಪ್ಯಾರಿಸ್ ಒಲಿಂಪಿಕ್ಸಿಗೆ, ದೇಶದ ಎಲ್ಲ ಪ್ರಾಂತ್ಯಗಳಿಂದ ಆರಿಸಬೇಕು, ಅದಕ್ಕೊಂದು ಕೂಟ ನಡೆಸಬೇಕು ಎಂಬ ಯೋಚನೆ ಬಂತು. ಇಲ್ಲಿ ದೊರಾಬ್ಜಿಯವರಿಗೆ ನೆರವಾದವರು ವೈ.ಎಂ.ಸಿ.ಎ. ಸಂಸ್ಥೆಯ ಇಬ್ಬರು. ಒಬ್ಬರು ಡಾ. ನೋಹ್ರೆನ್. ಇನ್ನೊಬ್ಬರು ಮದರಾಸಿನಲ್ಲಿ 1920ರಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದ ಹ್ಯಾರಿ ಬಕ್. ನಮ್ಮ ಶಾಲೆಗಳ ಡ್ರಿಲ್ ಮಾಸ್ತರರ ಪರಂಪರೆಯ ಒಂದು ಮೂಲ ಈ ಬಕ್ ಅವರ ಕಾಲೇಜಿನಲ್ಲಿದೆ. 1924ರಲ್ಲಿ ಅಖಿಲ ಭಾರತ ಒಲಿಂಪಿಕ್ ಕ್ರೀಡಾಕೂಟ ನಡೆಯಿತು. ಅಲ್ಲಿ ಆಯ್ಕೆಯಾದ ಪುಟ್ಟ ತಂಡವನ್ನು ಬಕ್ ಅವರು ಪ್ಯಾರಿಸ್ಸಿಗೆ ಕರೆದೊಯ್ದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಗಿ ದೊರಾಬ್ಜಿ ಅಧ್ಯಕ್ಷರೂ ನೋಹ್ರೆನ್ ಕಾರ್ಯದರ್ಶಿಯೂ ಆದರು. ಮರುವರ್ಷ ಅಧ್ಯಕ್ಷಸ್ಥಾನ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರಿಗೆ ಹೋಯಿತು.

ಕೂಟ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯಬೇಕೆಂಬ ವಾಡಿಕೆ ಬೆಳೆಯಿತು. ಆರಂಭದ ವರ್ಷಗಳಲ್ಲಿ ಅದರ ದೊಡ್ಡ ನೆಲೆ ಲಾಹೋರ್. ನಮ್ಮ ರಾಷ್ಟ್ರೀಯ ಕ್ರೀಡಾಕೂಟದ ತೊಟ್ಟಿಲು ತೂಗಿದ ಊರು ಇಂದು ಬೇರೆ ದೇಶದಲ್ಲಿದೆ. ಇತಿಹಾಸ ಪಾಠ ಮಾಡುವಾಗ ಇಂಥವು ಎದುರಾದರೆ ಮಾತು ನಿಂತುಬಿಡುತ್ತದೆ. 1930ರಲ್ಲಿ ಅಲಹಾಬಾದ್, 1932ರಲ್ಲಿ ಮದರಾಸು, 1938ರಲ್ಲಿ ಕಲ್ಕತ್ತೆ ಹೀಗೆ ಊರೂರು ಸುತ್ತಿ, 1940ರಲ್ಲಿ ಮುಂಬಯಿಯಲ್ಲಿ ನಡೆದಾಗ 'ರಾಷ್ಟ್ರೀಯ ಕ್ರೀಡಾಕೂಟ' ಎಂಬ ಹೆಸರು ಬಂತು. ಸ್ವಾತಂತ್ರ್ಯಾನಂತರದ ಮೊದಲ ಕೂಟ 1948ರಲ್ಲಿ ಲಖನೌದಲ್ಲಿ.

ಇಲ್ಲಿಗೆ ನಾನು ಆ ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಓಡುವವರು ಬಡವರು, ನಿಯಮ ಹೇಳುತ್ತದೆ ಹಣ ಮುಟ್ಟಬೇಡ ಎಂದು. ಹಾಗಾದರೆ ಈ ಕೂಟದಲ್ಲಿ ಓಡಿದವರು ಉಂಡದ್ದೇನು?

ಉತ್ತರ ಮಿಲ್ಖಾ ಸಿಂಗರ ಜೀವನದಲ್ಲಿದೆ. ದೇಶವಿಭಜನೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡು ದಿಲ್ಲಿಗೆ ಬಂದ ಹುಡುಗ ಸೇನೆಗೆ ಸೇರಿದರು. ಗುಡ್ಡಗಾಡು ಓಟದಲ್ಲಿ ಮೊದಲ ಹತ್ತು ಸ್ಥಾನದೊಳಗೆ ಬಂದವರಿಗೆ ಇತರ ಕೆಲಸಗಳಿಂದ ವಿನಾಯಿತಿ ಮತ್ತು ಹೆಚ್ಚಿನ ಹಾಲು ಸಿಗುತ್ತದೆಂದು ಓಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. 1958ರಲ್ಲಿ ಕಟಕ್‌ನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 200 ಮತ್ತು 400 ಮೀಟರ್ ಎರಡರಲ್ಲೂ ದಾಖಲೆ ಬರೆದರು. ಅದೇ ವರ್ಷ ಟೋಕಿಯೋದ ಏಷ್ಯನ್ ಕ್ರೀಡೆಗಳಲ್ಲಿ ಎರಡು ಚಿನ್ನ, ಕಾರ್ಡಿಫ್‌ನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಇನ್ನೊಂದು. ಕಾಗದದ ಮೇಲೆ ಅವರು ಹವ್ಯಾಸಿ. ಅವರಿಗೆ ಅನ್ನ ಹಾಕಿದ್ದು ಸೇನೆ.

ನಮ್ಮ ರಾಜ್ಯದ ಕೆನೆತ್ ಪೊವೆಲ್ ಅವರದೂ ಇದೇ ಬಗೆ. ಕೋಲಾರದಲ್ಲಿ ಜನಿಸಿದ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರರಾಗಿದ್ದುಕೊಂಡೇ ದೇಶದ ಅತಿವೇಗದ ಓಟಗಾರರಲ್ಲೊಬ್ಬರಾದರು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಓಡಿದರು, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 2022ರಲ್ಲಿ ತೀರಿಕೊಂಡರು. ಸೇನೆ, ರೈಲ್ವೆ, ಪೊಲೀಸು, ಸಾರ್ವಜನಿಕ ಕಾರ್ಖಾನೆ, ಬ್ಯಾಂಕು ಇವೇ ಸ್ವತಂತ್ರ ಭಾರತದ ಕ್ರೀಡಾಪಟುಗಳಿಗೆ ಅರಮನೆಗಳಾದವು. ಹವ್ಯಾಸಿ ಎಂಬ ಇಂಗ್ಲಿಷ್ ಬೇಲಿಯನ್ನು ನಾವು ಕೆಡವಲಿಲ್ಲ. ಅದರಲ್ಲೊಂದು ಕಿಂಡಿ ಮಾಡಿಕೊಂಡೆವು. ಆ ಕಿಂಡಿಯ ಹೆಸರು ನೌಕರಿ. ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದ್ದಾರೆಂಬ ಒಂದು ಪ್ರಮಾಣಪತ್ರವಿದ್ದರೆ ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಿಗೆ ಕ್ರೀಡಾ ಕೋಟಾದಡಿ ಅರ್ಹತೆ ಬರುತ್ತದೆ. ಕೂಟದ ಪದಕಕ್ಕಿಂತಲೂ ಆ ಕಾಗದವೇ ಅನೇಕ ಮನೆಗಳಲ್ಲಿ ದೇವರ ಪಟದ ಪಕ್ಕ ತೂಗುತ್ತಿರುವುದಕ್ಕೆ ಇದು ಕಾರಣ. ಅಂದು ಆ ಹುಡುಗ ಕೇಳಿದ್ದಕ್ಕೆ ನಿಜವಾದ ಉತ್ತರ ಇದಾಗಿತ್ತು: "ಪಗಾರ ಕೊಡುವುದಿಲ್ಲಪ್ಪ, ಆದರೆ ಗೆದ್ದರೆ ಪಗಾರದ ದಾರಿ ಕಾಣುತ್ತದೆ." ಸಮಾಜ ವಿಜ್ಞಾನದ ಮಾಸ್ತರನಾದ ನನಗೆ ಇಷ್ಟು ಸಮಾಜ ಗೊತ್ತಿರಲಿಲ್ಲ.

ಇಲ್ಲಿ ನನ್ನನ್ನು ಹೆಚ್ಚು ನಾಚಿಸುವುದು ಇನ್ನೊಬ್ಬ ಶಿಕ್ಷಕರ ಕಥೆ. ಕರಾಡದ ಬಳಿಯ ಗೋಳೇಶ್ವರ ಎಂಬ ಹಳ್ಳಿಯ ಖಾಶಾಬಾ ಜಾಧವ್ ಅವರ ಹೆಸರು ನೀವು ಕೇಳಿರಬಹುದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕುಸ್ತಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದವರು. ಆ ಸಲದ ಆಯ್ಕೆಯಲ್ಲಿ ತಮಗೆ ಅನ್ಯಾಯವಾಯಿತೆಂದು ಅವರು ಪಟಿಯಾಲದ ಮಹಾರಾಜರವರೆಗೆ ದೂರು ಒಯ್ದರು. ಮತ್ತೊಮ್ಮೆ ಕುಸ್ತಿ ಹಿಡಿಸಿದಾಗ ಗೆದ್ದರು. ಆಯ್ಕೆಯೇನೋ ಆಯಿತು, ಹೋಗಲು ಹಣವಿರಲಿಲ್ಲ. ಊರವರು ಚಂದಾ ಎತ್ತಿದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೇಕರ್ ಅವರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿದರು. ಪದಕ ತಂದ ಜಾಧವರು ಮುಂದೆ ಪೊಲೀಸ್ ಇಲಾಖೆ ಸೇರಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ. ಒಬ್ಬ ಶಿಕ್ಷಕರು ಹುಡುಗನಿಗಾಗಿ ಮನೆ ಒತ್ತೆಯಿಟ್ಟರು. ಇನ್ನೊಬ್ಬರು ಉಪದೇಶ ಕೊಟ್ಟರು.

ಕೂಟದ ಮುಂದಿನ ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಬಹುಪಾಲು ಮುಂದೂಡಿಕೆಯ ಇತಿಹಾಸ. 1970ರ ಕಟಕ್ ಕೂಟದ ನಂತರ ಒಂಬತ್ತು ವರ್ಷಗಳ ಅಂತರದಲ್ಲಿ 1979ರಲ್ಲಿ ಹೈದರಾಬಾದಿನಲ್ಲಿ ಕೂಟ ನಡೆಯಿತು. 1982ರ ಏಷ್ಯನ್ ಕ್ರೀಡೆಗಳಿಗಾಗಿ ದಿಲ್ಲಿಯಲ್ಲಿ ಕ್ರೀಡಾಂಗಣಗಳು ತಲೆಯೆತ್ತಿದ ಮೇಲೆ, 1985ರಲ್ಲಿ ಅಲ್ಲಿ ಒಲಿಂಪಿಕ್ಸ್ ಮಾದರಿಯಲ್ಲಿ ಕೂಟ ಮರುಹುಟ್ಟು ಪಡೆಯಿತು. ಅಲ್ಲಿಂದ ಮುಂದೆ ಕೂಟವೆಂದರೆ ಆತಿಥೇಯ ರಾಜ್ಯಕ್ಕೆ ಕಟ್ಟಡ ಕಟ್ಟುವ ಸಂದರ್ಭ. 1987ರಲ್ಲಿ ಕೇರಳ, 1994ರಲ್ಲಿ ಮಹಾರಾಷ್ಟ್ರ, 1997ರಲ್ಲಿ ನಮ್ಮ ಕರ್ನಾಟಕ.

ಬೆಂಗಳೂರಿನಲ್ಲಿರುವ ನೀವು ಕೋರಮಂಗಲದ 'ನ್ಯಾಷನಲ್ ಗೇಮ್ಸ್ ವಿಲೇಜ್' ಎಂಬ ಬಡಾವಣೆಯನ್ನು ದಿನವೂ ಹಾದುಹೋಗುತ್ತಿರಬಹುದು. ಕ್ರೀಡಾಪಟುಗಳು ಕೆಲವು ದಿನ ಇಳಿದುಕೊಳ್ಳಲೆಂದು ಕಟ್ಟಿದ ಆ ಮನೆಗಳನ್ನು ಗೃಹಮಂಡಳಿ ಆಮೇಲೆ ಹಂಚಿತು. ಓಟಗಾರರು ಹೋದರು, ಹೆಸರು ಉಳಿಯಿತು. ಶ್ರೀ ಕಂಠೀರವ ಕ್ರೀಡಾಂಗಣ ನಿಂತಿರುವುದು ಹಳೆಯ ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ಆಚರಣೆಗಾಗಿ ಕೆರೆಯ ಒಂದು ಸಣ್ಣ ತುಣುಕು ಮಾತ್ರ ಉಳಿದಿದೆ. ಆ ಕೂಟದಲ್ಲಿ ಕರ್ನಾಟಕವೇ ಅಗ್ರಸ್ಥಾನ ಪಡೆಯಿತು. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಪೇಢೆ ಹಂಚಿದ್ದು ನೆನಪಿದೆ. ನಾನೂ ತಿಂದೆ.

1999ರಲ್ಲಿ ಪುಟ್ಟ ಮಣಿಪುರ ರಾಜ್ಯ ಇಂಫಾಲದಲ್ಲಿ ಕೂಟ ನಡೆಸಿ ತಾನೇ ಮೊದಲ ಸ್ಥಾನ ಗೆದ್ದಿತು. ಕೂಟದ ಇತಿಹಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಪುಟ ಇದು. ಅಲ್ಲಿಯೇ ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲ್ಲೆಟ್ 14 ಚಿನ್ನ ಗೆದ್ದರು. ಇದಕ್ಕೆ ವಿರುದ್ಧವಾದ ಪುಟ ಜಾರ್ಖಂಡಿನದು. ಹಲವು ಸಲ ಮುಂದೂಡಿ ಕೊನೆಗೆ 2011ರಲ್ಲಿ ರಾಂಚಿಯಲ್ಲಿ ಕೂಟ ನಡೆಯಿತು, ಸಾಮಗ್ರಿ ಖರೀದಿಯ ಅವ್ಯವಹಾರದ ತನಿಖೆ ಅದಾದ ಬಳಿಕವೂ ವರ್ಷಗಟ್ಟಲೆ ಸಾಗಿತು. 2015ರಲ್ಲಿ ಕೇರಳದ ಕೂಟ ಮುಗಿದ ಮೇಲೆ ಗೋವಾದ ಸರದಿ ಮತ್ತೆ ಮತ್ತೆ ಮುಂದೆ ಹೋಗಿ ಏಳು ವರ್ಷ ಏನೂ ನಡೆಯಲಿಲ್ಲ. ಕಚೇರಿಯಲ್ಲಿ ಕುಳಿತವರಿಗೆ ಏಳು ವರ್ಷವೆಂದರೆ ಒಂದು ಕಡತ. 2015ರಲ್ಲಿ ಹದಿನೆಂಟು ವರ್ಷದವನಾಗಿದ್ದ ಓಟಗಾರನಿಗೆ 2022ರಲ್ಲಿ ಇಪ್ಪತ್ತೈದು. ಆ ಪ್ರಮಾಣಪತ್ರವನ್ನೇ ನಂಬಿಕೊಂಡಿದ್ದವರು ಆ ಹೊತ್ತಿಗೆ ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಿರಬೇಕು.

ಕಡೆಗೆ ಗುಜರಾತು ಮುಂದೆ ಬಂದು 2022ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಆರು ನಗರಗಳಲ್ಲಿ 36 ಕ್ರೀಡೆಗಳ ಕೂಟ ನಡೆಸಿತು. 2023ರಲ್ಲಿ ಗೋವಾ, 43 ಕ್ರೀಡೆಗಳೊಂದಿಗೆ. ಅದರಲ್ಲಿ ನಮ್ಮ ಲಗೋರಿಯೂ ಕಾಣಿಸಿಕೊಂಡಿತು. ಶಾಲೆಯ ಹೆಂಚು ಒಡೆದು ಬಿಲ್ಲೆ ಮಾಡಿಕೊಂಡದ್ದಕ್ಕೆ ನನ್ನಿಂದ ಪೆಟ್ಟು ತಿಂದವರು ಈಗ ನನ್ನನ್ನು ಕ್ಷಮಿಸಬೇಕು. 2025ರ ಜನವರಿ-ಫೆಬ್ರವರಿಯಲ್ಲಿ ಉತ್ತರಾಖಂಡದಲ್ಲಿ 38ನೆಯ ಕೂಟ ನಡೆಯಿತು.

ಈ ಇತ್ತೀಚಿನ ಕೂಟಗಳಲ್ಲಿ ಎರಡು ಸಂಗತಿಗಳು ನನ್ನ ಗಮನ ಸೆಳೆದವು. ಕರ್ನಾಟಕದ ಚಿನ್ನದ ದೊಡ್ಡ ಪಾಲು ಈಜುಕೊಳದಿಂದ ಬರುತ್ತಿದೆ. 2022ರಲ್ಲಿ ಹದಿನಾಲ್ಕರ ಬಾಲೆ ಹಾಷಿಕಾ ರಾಮಚಂದ್ರ ಕೂಟದ ಶ್ರೇಷ್ಠ ಕ್ರೀಡಾಪಟುವೆನಿಸಿದಳು. 2025ರಲ್ಲಿ ಅದೇ ವಯಸ್ಸಿನ ಧಿನಿಧಿ ದೇಸಿಂಗು ಒಂಬತ್ತು ಚಿನ್ನ ಗೆದ್ದಳು, ಶ್ರೀಹರಿ ನಟರಾಜ್ ಅವರೂ ಒಂಬತ್ತು. ಈ ಮಕ್ಕಳ ಶ್ರಮದ ಬಗ್ಗೆ ನನಗೆ ಅಪಾರ ಗೌರವ. ಆದರೆ ಕೊಳವಿರುವುದು ಬೆಂಗಳೂರಿನಲ್ಲಿ. ಹೊಳೆಯಲ್ಲಿ ಎಮ್ಮೆ ತೊಳೆಯುತ್ತ ಈಜು ಕಲಿತ ನಮ್ಮ ಕಡೆಯ ಹುಡುಗರಿಗೆ ಸೆಕೆಂಡಿನ ಹತ್ತನೆಯ ಭಾಗವನ್ನು ಅಳೆದು ಹೇಳುವವರು ಇಂದಿಗೂ ಇಲ್ಲ.

ಎರಡನೆಯ ಸಂಗತಿ: 2007, 2011, 2015, 2022 ಹಾಗೂ 2025ರಲ್ಲಿ ಪದಕಪಟ್ಟಿಯಲ್ಲಿ ಮೊದಲು ಬಂದದ್ದು ಯಾವ ರಾಜ್ಯವೂ ಅಲ್ಲ, ಸೇನಾಪಡೆಗಳ 'ಸರ್ವಿಸಸ್' ತಂಡ. ನಡುವೆ 2023ರಲ್ಲಿ ಮಾತ್ರ ಮಹಾರಾಷ್ಟ್ರ. ಅಂದರೆ ಹವ್ಯಾಸಿಗಳ ಈ ಕೂಟದಲ್ಲಿ ಮತ್ತೆ ಮತ್ತೆ ಗೆಲ್ಲುವವರು ತಿಂಗಳ ಸಂಬಳ, ಹೊತ್ತಿಗೆ ಊಟ, ಅಭ್ಯಾಸಕ್ಕೆ ಬಿಡುವು ಎಲ್ಲ ಇರುವವರು. ಉತ್ತರಾಖಂಡದ ಕೂಟದಲ್ಲಿ ಟೇಕ್ವಾಂಡೋ ಪಂದ್ಯಗಳ ಪದಕಗಳನ್ನು ಮೊದಲೇ ಮಾರುವ ಯತ್ನ ನಡೆದಿದೆಯೆಂಬ ಆರೋಪ ಬಂದು ಸ್ಪರ್ಧಾ ನಿರ್ದೇಶಕರನ್ನೇ ಬದಲಿಸಬೇಕಾಯಿತು. ಹವ್ಯಾಸಕ್ಕಾಗಿ ಆಡುವ ಆಟದ ಪದಕವನ್ನು ಯಾರಾದರೂ ಏಕೆ ಕೊಳ್ಳುತ್ತಾರೆ? ಆ ಪದಕಕ್ಕೆ ಪೇಟೆಯಲ್ಲಿ ಬೆಲೆಯಿದೆ ಎಂದು ಗೊತ್ತಿರುವುದರಿಂದ.

ಉತ್ತರಾಖಂಡದ ಕೂಟ ನಡೆಯುತ್ತಿದ್ದ ದಿನಗಳಲ್ಲೇ ಒಂದು ಮದುವೆಯಲ್ಲಿ ಆ ಹುಡುಗ ಸಿಕ್ಕ. ಹುಡುಗನೇನು, ನಲವತ್ತಾರು ದಾಟಿದೆ, ಕನ್ನಡಕ ಬಂದಿದೆ. ಊಟಕ್ಕೆ ಪಕ್ಕದಲ್ಲೇ ಕುಳಿತ. ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ: ಅಂದು ನಾನು ಹಾಗೆ ಹೇಳಬಾರದಿತ್ತಪ್ಪ, ನಿನ್ನನ್ನು ತಡೆದ ಹಾಗಾಯಿತು.

ಅವನು ನಕ್ಕ. "ನೀವೇನ ಅಂದ್ರಿ ಅನ್ನೂದ ನನಗ ನೆನಪಿಲ್ರಿ ಸರ್. ಮುಕಾದಮನ ಕಡೆ ಮುಂಗಡ ತೊಗೊಂಡಿದ್ದೆ, ಅವ್ವನ ದವಾಖಾನಿಗೆ. ಸೀಜನ್ ಮುಗಿಯೂತನಕ ಗ್ಯಾಂಗ್ ಬಿಡಂಗಿರಲಿಲ್ಲ. ಅಲ್ಲಿ ಏನರ ಕೊಟ್ರ ಮುಂಗಡ ತೀರಿಸಿ ಹೋಗಬಹುದೇನಂತ ಕೇಳಿದ್ನ್ರಿ."

ಅವನು ಕೇಳಿದ್ದು ಲೆಕ್ಕ. ನಾನು ಹೇಳಿದ್ದು ನೀತಿ. ಮುಂಗಡ ಎಷ್ಟಿತ್ತೆಂದು ಕೇಳಿದೆ. ಹೇಳಿದ. ಅದು ನನ್ನ ಆಗಿನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ.

ಅವನ ಮಗಳು ಈಗ ಒಂಬತ್ತನೆಯ ತರಗತಿ. ಓಡುತ್ತಾಳೆಯೇ ಎಂದು ಕೇಳಿದ್ದಕ್ಕೆ, "ಇಲ್ರಿ, ಗಣಿತ ಚಲೋ ಮಾಡ್ತಾಳ್ರಿ" ಎಂದ. ತಾನು ಓಡಿದ್ದಕ್ಕೆ ಮನೆಯಲ್ಲಿ ಒಂದೂ ಗುರುತಿಲ್ಲ, ಅವಳು ನಂಬುವುದೇ ಇಲ್ಲ ಎಂದೂ ಹೇಳಿದ. ಜಾತ್ರೆಯ ಕಮಿಟಿಯವರು ಕೊಟ್ಟ ಸ್ಟೀಲ್ ಕೊಡ ಎಂದೋ ಸೋರಿ ಹೋಗಿದೆ.

ಆದ್ದರಿಂದ ಒಂದು ವಿನಂತಿ. 1997ರ ಜನವರಿಯ ಆ ಓಟದಲ್ಲಿ ಸೈಕಲ್ಲಿನ ಮೇಲೆ ನೀರಿನ ಕ್ಯಾನು ಕಟ್ಟಿಕೊಂಡು ಓಟಗಾರರ ಹಿಂದೆ ಹೋಗಿದ್ದವರು ನಮ್ಮ ಹತ್ತನೆಯ ತರಗತಿಯ ಮೂರ್ನಾಲ್ಕು ಜನ. ಅವರಲ್ಲಿ ಒಬ್ಬನ ಬಳಿ ಅವನ ಕಾಕಾನ ಕ್ಯಾಮೆರಾ ಇತ್ತು, ಸೇತುವೆಯ ಬಳಿ ಚಿತ್ರ ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಚಿತ್ರ ಯಾರ ಹಳೆಯ ಆಲ್ಬಮ್ಮಿನಲ್ಲಾದರೂ ಇದ್ದರೆ ದಯವಿಟ್ಟು ನನಗೆ ಕಳುಹಿಸಿರಿ. ಮಸುಕಾಗಿದ್ದರೂ ಅಡ್ಡಿಯಿಲ್ಲ. ತಲುಪಿಸುವ ಕೆಲಸ ನನ್ನದು.